ಆಳದ ಅಡಿಪಾಯ ಮತ್ತು ಮಣ್ಣಿನ ಆಂಕರ್: ನಾನು ಆಯ್ಕೆ ಮಾಡಿದ ಬಗೆ

ಕಟ್ಟಡಕ್ಕೆ ಸಾಧಾರಣ ಪಾಯ ಸಾಲದು ಎಂದು ಗೊತ್ತಾದ ಕೂಡಲೇ ಯಾವ ಪೈಲ್ (ಭಾರವನ್ನು ಆಳದ ಗಟ್ಟಿ ಪದರಕ್ಕೆ ಮುಟ್ಟಿಸುವ ಕಂಬ) ಹಾಕಬೇಕು ಎಂಬ ಪ್ರಶ್ನೆ ಎದುರಾಗುತ್ತದೆ. ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡು, ಭಾರ ಯಾವ ದಿಕ್ಕಿನಲ್ಲಿ ಬರುತ್ತದೆ, ಅದನ್ನು ಹೊರಬಲ್ಲ ಪದರ ಎಷ್ಟು ಆಳದಲ್ಲಿದೆ, ಅಲ್ಲಿಗೆ ಹೋಗುವ ದಾರಿಯಲ್ಲಿ ಏನೇನು ಅಡ್ಡ ಬರುತ್ತದೆ, ಹಾಕಿದ ಮೇಲೆ ಅದರ ಸಾಮರ್ಥ್ಯವನ್ನು ಸ್ಥಳದಲ್ಲೇ ಪರೀಕ್ಷಿಸಲು ಸಾಧ್ಯವೇ ಎಂಬ ಸಂಗತಿಗಳನ್ನು ಮೊದಲು ಬಗೆಹರಿಸಿಕೊಳ್ಳುತ್ತೇನೆ. ಇವುಗಳಲ್ಲಿ ಕೊನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ನೆಲದೊಳಗೆ ಹೂತುಹೋದ ಕೆಲಸವನ್ನು ಮತ್ತೆ ಕಣ್ಣಿನಿಂದ ನೋಡಲಾಗದು. ಅಳತೆಯೊಂದೇ ಅಲ್ಲಿ ಸಾಕ್ಷಿ.

ನನಗೆ ಬಂದ ಕೆಲಸದಲ್ಲಿ ಎರಡು ಸಮಸ್ಯೆಗಳು ಹೆಣೆದುಕೊಂಡಿದ್ದವು. ಇಟ್ಟಿಗೆ ಗೋಡೆಗಳ ಹಳೆಯ ಮೂರಂತಸ್ತಿನ ಕಟ್ಟಡದ ಒಂದು ಪಾರ್ಶ್ವ ನಿಧಾನವಾಗಿ ಕುಸಿಯುತ್ತಿತ್ತು, ಮತ್ತು ಅದೇ ಪಾರ್ಶ್ವಕ್ಕೆ ತಾಗಿ ಹೊಸ ಕಟ್ಟಡದ ನೆಲಮಾಳಿಗೆಗಾಗಿ 6 ಮೀಟರ್ ಆಳ ಅಗೆಯಬೇಕಾಗಿತ್ತು. ಹಳೆಯ ಕಟ್ಟಡದ ಭಾರ ಕೆಳಮುಖವಾದದ್ದು. ಅಗೆತದ ತಡೆಗೋಡೆಯ ಮೇಲೆ ಬರುವ ಒತ್ತಡ ಪಕ್ಕದ್ದು. ಹೀಗಾಗಿ ಒಂದೇ ವಿಧಾನದಿಂದ ಎರಡನ್ನೂ ನಿಭಾಯಿಸುವ ಯೋಚನೆಯನ್ನು ಆರಂಭದಲ್ಲೇ ಬಿಟ್ಟು, ಕಟ್ಟಡಕ್ಕೆ ಪೈಲ್, ಗೋಡೆಗೆ ಆಂಕರ್ (ಗೋಡೆಯನ್ನು ಹಿಂದಿನ ಆಳದ ಮಣ್ಣಿಗೆ ಎಳೆದು ಕಟ್ಟುವ ಉಕ್ಕಿನ ಹುರಿ) ಎಂದು ಬೇರ್ಪಡಿಸಿಕೊಂಡೆ.

ಮಣ್ಣಿನ ತನಿಖೆಗೆ ಬೋರ್‌ಹೋಲ್ ಕೊರೆಸಿ ಎಸ್‌ಪಿಟಿ, ಅಂದರೆ ಕೊಳವೆಯೊಂದನ್ನು ಪೆಟ್ಟು ಕೊಟ್ಟು ಮಣ್ಣಿಗೆ ಇಳಿಸಿ ಮಣ್ಣಿನ ಬಿಗಿತವನ್ನು ಅಳೆಯುವ ಪರೀಕ್ಷೆ ಮಾಡಿಸಿದೆವು. 63.5 ಕಿಲೋ ತೂಕದ ಸುತ್ತಿಗೆಯನ್ನು ಸುಮಾರು 760 ಮಿಲಿಮೀಟರ್ ಎತ್ತರದಿಂದ ಬೀಳಿಸಿ, ಮೊದಲ 150 ಮಿಲಿಮೀಟರ್ ಇಳಿತವನ್ನು ಲೆಕ್ಕಕ್ಕೆ ಹಿಡಿಯದೆ, ಮುಂದಿನ 300 ಮಿಲಿಮೀಟರ್ ಇಳಿಯಲು ಬೇಕಾದ ಪೆಟ್ಟುಗಳನ್ನು ಎಣಿಸುವ ಈ ಹಳೆಯ ಪರೀಕ್ಷೆ ಮರಳಿನಲ್ಲಿ ಚೆನ್ನಾಗಿ ಮಾತನಾಡುತ್ತದೆ, ಆದರೆ ಮೆತ್ತನೆಯ ಜೇಡಿಮಣ್ಣಿನಲ್ಲಿ ಅದರ ಸಂಖ್ಯೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದ ಜೇಡಿಯ ಪದರದಿಂದ ಕದಡದ ಮಾದರಿಗಳನ್ನು ತೆಗೆಸಿ ಪ್ರಯೋಗಾಲಯಕ್ಕೆ ಕಳುಹಿಸಿದೆ. ಸಿಕ್ಕ ಚಿತ್ರ ಹೀಗಿತ್ತು: ಮೇಲೆ ಸುಮಾರು 3 ಮೀಟರ್ ಇಟ್ಟಿಗೆ ಚೂರು ಬೆರೆತ ತುಂಬುಮಣ್ಣು, ಅದರಡಿ 8 ಮೀಟರ್ ಆಳದವರೆಗೆ ಮೆತ್ತನೆಯ ಜೇಡಿ, ಅಲ್ಲಿಂದ ಕೆಳಗೆ ನೀರಿನಿಂದ ತುಂಬಿದ ಬಿಗಿಯಾದ ಮರಳು. ಜೊತೆಗೆ ಅಂತರ್ಜಲದ ಸಲ್ಫೇಟ್ ಪ್ರಮಾಣ, ಪಿಎಚ್ ಮತ್ತು ಮಣ್ಣಿನ ವಿದ್ಯುತ್ ರೋಧವನ್ನೂ ಅಳೆಸಿದೆ. ಉಕ್ಕು ಎಷ್ಟು ವೇಗವಾಗಿ ತುಕ್ಕು ಹಿಡಿಯಬಹುದೆಂಬುದನ್ನು ತಿಳಿಯದೆ ಯಾವ ಉಕ್ಕಿನ ವ್ಯವಸ್ಥೆಯನ್ನೂ ನಾನು ಒಪ್ಪುವುದಿಲ್ಲ.

ರೆಕ್ಕೆಯುಳ್ಳ ಉಕ್ಕಿನ ದಂಡವನ್ನು ತಿರುಪಿನಂತೆ ನೆಲಕ್ಕೆ ಇಳಿಸುವ ಸ್ಕ್ರೂ ಪೈಲ್ ನನಗೆ ಮೆಚ್ಚಿನ ವಿಧಾನ. 1830ರ ದಶಕದಲ್ಲಿ ಅಲೆಕ್ಸಾಂಡರ್ ಮಿಚೆಲ್ ಸಮುದ್ರದ ಮರಳು ದಿಬ್ಬಗಳ ಮೇಲೆ ದೀಪಸ್ತಂಭ ನಿಲ್ಲಿಸುವ ಸಲುವಾಗಿ ರೂಪಿಸಿದ ಈ ಪೈಲು, ತಿರುಗಿಸುತ್ತ ಇಳಿಸುವಾಗಲೇ ತನ್ನ ಸಾಮರ್ಥ್ಯವನ್ನು ಹೇಳಿಬಿಡುತ್ತದೆ. ಸಣ್ಣ ಚೌಕ ದಂಡದ ಪೈಲಿಗೆ ಕೊನೆಯ ಟಾರ್ಕ್ (ತಿರುಗಿಸಲು ಬೇಕಾದ ತಿರುಚು ಬಲ) 8 ಕಿಲೋನ್ಯೂಟನ್ ಮೀಟರ್ ಬಂದರೆ, ರೂಢಿಯಲ್ಲಿರುವ 33 ಎಂಬ ಗುಣಾಂಕದಿಂದ ಗುಣಿಸಿದಾಗ 264 ಕಿಲೋನ್ಯೂಟನ್ ಗರಿಷ್ಠ ಸಾಮರ್ಥ್ಯ ಸಿಗುತ್ತದೆ; ಸುರಕ್ಷತೆಗಾಗಿ ಅದರ ಅರ್ಧವನ್ನು, ಅಂದರೆ 132 ಕಿಲೋನ್ಯೂಟನ್ ಅನ್ನು ಮಾತ್ರ ಬಳಸುತ್ತೇನೆ. ದಂಡದ ವ್ಯಾಸ ಹೆಚ್ಚಿದಂತೆ ಗುಣಾಂಕ ಇಳಿಯುತ್ತದೆ. 89 ಮಿಲಿಮೀಟರ್ ಕೊಳವೆಗೆ ಅದು ಸುಮಾರು 23. ಟಾರ್ಕ್ ಜಾಸ್ತಿಯಾದರೆ ಬಲವೂ ಅಷ್ಟೇ ಜಾಸ್ತಿ ಎಂದು ದಂಡದ ಗಾತ್ರವನ್ನು ಮರೆತು ಲೆಕ್ಕ ಹಾಕುವವರನ್ನು ನಾನು ಆಗಾಗ ಕಾಣುತ್ತೇನೆ. ಇಷ್ಟೆಲ್ಲ ಅನುಕೂಲಗಳಿದ್ದರೂ ಈ ಸ್ಥಳದಲ್ಲಿ ಅದನ್ನು ಕೈಬಿಟ್ಟೆ. ತುಂಬುಮಣ್ಣಿನ ಇಟ್ಟಿಗೆ ತುಂಡುಗಳಿಗೆ ಸಿಕ್ಕರೆ ಪೈಲಿನ ರೆಕ್ಕೆ ಬಾಗುತ್ತದೆ ಅಥವಾ ದಂಡ ಓರೆಯಾಗುತ್ತದೆ, ಮತ್ತು 5 ಮೀಟರ್ ದಪ್ಪದ ಮೆತ್ತನೆಯ ಜೇಡಿಯಲ್ಲಿ ತೆಳ್ಳನೆಯ ದಂಡಕ್ಕೆ ಪಕ್ಕದ ಆಸರೆ ಸಾಲದೆ ಅದು ಬಳುಕುವ ಅಪಾಯವಿತ್ತು.

ಕಟ್ಟಡದ ತೂಕವನ್ನೇ ಎದುರುಬಲವಾಗಿ ಬಳಸಿ ಜ್ಯಾಕ್‌ನಿಂದ ಒತ್ತುವ ಪೈಲುಗಳೂ ಆಗುವಂತಿರಲಿಲ್ಲ. ಬಿರುಕು ಬಿಟ್ಟ ಗೋಡೆ ಆ ಒತ್ತಡವನ್ನು ಸಹಿಸುವಷ್ಟು ಗಟ್ಟಿಯಾಗಿರಲಿಲ್ಲ. ದೊಡ್ಡ ವ್ಯಾಸದ ಬೋರ್ ಪೈಲಿನ ಯಂತ್ರಕ್ಕೆ ಒಳಗೆ ಜಾಗವಿರಲಿಲ್ಲ. ಹೊಡೆದು ಇಳಿಸುವ ಪೈಲಿನ ಕಂಪನವನ್ನು ಇಂಥ ಗೋಡೆಯ ಪಕ್ಕದಲ್ಲಿ ಯೋಚಿಸುವುದೂ ಸಲ್ಲದು. ಉಳಿದದ್ದು ಮೈಕ್ರೋ ಪೈಲ್. 1950ರ ದಶಕದಲ್ಲಿ ಇಟಲಿಯ ಫೆರ್ನಾಂಡೊ ಲಿಜ್ಜಿ ಯುದ್ಧದಲ್ಲಿ ಜಖಂಗೊಂಡ ಹಳೆಯ ಕಟ್ಟಡಗಳ ಪಾಯಕ್ಕೆ ಆಸರೆ ಕೊಡಲು ಬೆಳೆಸಿದ ಈ ವಿಧಾನದಲ್ಲಿ 300 ಮಿಲಿಮೀಟರಿಗಿಂತ ಕಡಿಮೆ ವ್ಯಾಸದ ರಂಧ್ರ ಕೊರೆದು, ಉಕ್ಕಿನ ಸರಳು ಇಳಿಸಿ, ಸಿಮೆಂಟ್ ಗ್ರೌಟ್ (ನೀರಿನಲ್ಲಿ ಕಲಸಿದ ತೆಳು ಸಿಮೆಂಟ್ ಮಿಶ್ರಣ) ತುಂಬುತ್ತಾರೆ. ಅದು ಇಟ್ಟಿಗೆ ಚೂರನ್ನೂ ಕೊರೆದುಕೊಂಡು ಹೋಗುತ್ತದೆ, ಯಂತ್ರವೂ ಚಿಕ್ಕದು. ಜೇಡಿಯ ಪದರದುದ್ದಕ್ಕೂ ಉಕ್ಕಿನ ಕೇಸಿಂಗ್ ಕೊಳವೆಯನ್ನು ಶಾಶ್ವತವಾಗಿ ಬಿಟ್ಟು ಬಳುಕುವ ಅಪಾಯ ತಪ್ಪಿಸಿದೆ, ಮತ್ತು ಮರಳಿನ ಪದರದಲ್ಲಿ ಗ್ರೌಟಿಗೂ ಮಣ್ಣಿಗೂ ನಡುವೆ ಸಿಗುವ ಹಿಡಿತವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡೆ. ಜೇಡಿ ಇನ್ನೂ ಕುಗ್ಗುತ್ತಿದ್ದುದರಿಂದ ಅದು ಪೈಲನ್ನು ಎತ್ತಿ ಹಿಡಿಯುವ ಬದಲು ಕೆಳಕ್ಕೆ ಎಳೆಯುತ್ತದೆ; ಆ ಎಳೆತವನ್ನು ಕಟ್ಟಡದ ಭಾರಕ್ಕೆ ಸೇರಿಸಿಯೇ ಉಕ್ಕಿನ ಗಾತ್ರ ನಿರ್ಧರಿಸಿದೆ. ಕೊರೆಯುವಾಗ ಗಾಳಿಯ ಒತ್ತಡ ಬಳಸಲು ಬಿಡಲಿಲ್ಲ, ಏಕೆಂದರೆ ಸಡಿಲ ಮಣ್ಣಿನಲ್ಲಿ ಗಾಳಿ ನುಗ್ಗಿ ಹಳೆಯ ಪಾಯದಡಿಯೇ ಟೊಳ್ಳು ಮಾಡಬಹುದು. ಪೈಲುಗಳನ್ನು ಪಾಯಕ್ಕೆ ಬಿಗಿಯುವ ಮೊದಲು ಜ್ಯಾಕ್‌ನಿಂದ ಒತ್ತಿ ಭಾರ ಹೊರಿಸಿದೆವು. ಇಲ್ಲವಾದರೆ ಪೈಲು ಭಾರ ಹೊರಲು ತೊಡಗುವಾಗ ಆಗುವ ಸಣ್ಣ ಇಳಿತವನ್ನು ಮತ್ತೆ ಗೋಡೆಯೇ ಅನುಭವಿಸಬೇಕಾಗುತ್ತಿತ್ತು.

ತಡೆಗೋಡೆಗೆ ಸಾಯಿಲ್ ನೇಲ್ (ಮೊದಲೇ ಎಳೆದು ಬಿಗಿಯದೆ ಮಣ್ಣಿನೊಳಗೆ ಕೂರಿಸುವ ಉಕ್ಕಿನ ಸರಳು) ಸಾಕಲ್ಲವೇ ಎಂಬ ಸಲಹೆ ಬಂದಿತ್ತು. ನೇಲಿಗೂ ಆಂಕರಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿ ನಿರ್ಣಾಯಕವಾಯಿತು. ನೇಲ್ ಬಲ ತೋರಬೇಕಾದರೆ ಮಣ್ಣು ಮೊದಲು ಸ್ವಲ್ಪ ಜರುಗಲೇಬೇಕು. ಗೋಡೆಯ ಎತ್ತರದ ಶೇಕಡ 0.2ರಷ್ಟು ಜರುಗಿದರೂ 6 ಮೀಟರಿಗೆ 12 ಮಿಲಿಮೀಟರ್ ಆಗುತ್ತದೆ, ಅದನ್ನು ಈ ಹಳೆಯ ಗೋಡೆ ತಾಳದು. ಮೇಲಾಗಿ ನೇಲ್ ಹಾಕುವಾಗ ಒಂದೆರಡು ಮೀಟರ್ ಎತ್ತರದ ಅಗೆದ ಮುಖ ಆಸರೆಯಿಲ್ಲದೆ ಕೆಲಕಾಲ ನಿಲ್ಲಬೇಕು. ಸಡಿಲ ತುಂಬುಮಣ್ಣು ನಿಲ್ಲುವುದಿಲ್ಲ. ಮೊದಲೇ ಎಳೆದು ಬಿಗಿಯುವ ಆಂಕರ್ ಗೋಡೆಯನ್ನು ಜರುಗಲು ಬಿಡದೆ ಹಿಡಿಯುತ್ತದೆ.

ಆಂಕರಿನ ಹಿಡಿತದ ಭಾಗ ಜಾರುವ ಮಣ್ಣಿನ ಗಡಿಯನ್ನು ದಾಟಿರಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಇಲ್ಲಿ ಅದಕ್ಕಿಂತ ಕಠಿಣವಾಗಿದ್ದುದು ಮಣ್ಣಿನ ಪದರ. ಮೆತ್ತನೆಯ ಜೇಡಿಯಲ್ಲಿ ಹಿಡಿತ ಕಾಲಕ್ರಮೇಣ ಸಡಿಲವಾಗುವುದರಿಂದ ಬಿಗಿಯಾದ ಮರಳನ್ನೇ ತಲುಪಬೇಕಿತ್ತು. 2.5 ಮೀಟರ್ ಆಳದಿಂದ 30 ಡಿಗ್ರಿ ಓರೆಯಲ್ಲಿ ಹೊರಟರೆ 8 ಮೀಟರ್ ಆಳ ಮುಟ್ಟಲು 11 ಮೀಟರ್ ಮುಕ್ತ ಉದ್ದ (ಮಣ್ಣಿಗೆ ಕಚ್ಚದೆ ಸ್ವತಂತ್ರವಾಗಿ ಹಿಗ್ಗುವ ಭಾಗ) ಬೇಕಾಗುತ್ತದೆ, ಮತ್ತು ಎಳೆತದ ಅರ್ಧದಷ್ಟು ಬಲ ಗೋಡೆಯನ್ನು ಕೆಳಕ್ಕೆ ಒತ್ತುತ್ತದೆ. ಆದ್ದರಿಂದ ಗೋಡೆಯ ಬುಡವನ್ನೂ ಮರಳಿಗೆ ಇಳಿಸಿದೆ. ಆಂಕರುಗಳು ಹಳೆಯ ಕಟ್ಟಡದ ಅಡಿಯಲ್ಲೇ ಹಾದುಹೋಗುವ ಕಾರಣ ಮಾಲೀಕರ ಲಿಖಿತ ಒಪ್ಪಿಗೆ ಪಡೆದು, ಮೈಕ್ರೋ ಪೈಲುಗಳ ನಡುವಿನ ಅಂತರಕ್ಕೆ ಸರಿಯಾಗಿ ಪ್ರತಿಯೊಂದರ ಜಾಡನ್ನೂ ನಕ್ಷೆಯಲ್ಲಿ ಗುರುತಿಸಿದೆ. ನೀರಿನಡಿಯ ಮರಳಿನಲ್ಲಿ ಕೇಸಿಂಗ್ ಇಲ್ಲದೆ ಕೊರೆದರೆ ರಂಧ್ರದ ಮೂಲಕ ನೀರಿನೊಡನೆ ಮರಳೂ ಹೊರಬರುತ್ತದೆ, ಮೇಲಿನ ಕಟ್ಟಡ ಕೂರುತ್ತದೆ; ಈ ವಿಷಯದಲ್ಲಿ ಗುತ್ತಿಗೆದಾರರಿಗೆ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ.

ಮೈಕ್ರೋ ಪೈಲುಗಳಲ್ಲಿ ಆಯ್ದ ಕೆಲವನ್ನಷ್ಟೇ ಭಾರ ಹೇರಿ ಪರೀಕ್ಷಿಸಿದೆವು, ಆದರೆ ಆಂಕರ್ ಒಂದೊಂದನ್ನೂ ಪರೀಕ್ಷಿಸಿದೆವು. 140 ಚದರ ಮಿಲಿಮೀಟರ್ ಉಕ್ಕಿನ ಒಂದು ತಂತಿಹುರಿಗೆ 150 ಕಿಲೋನ್ಯೂಟನ್ ಎಳೆತ ಕೊಟ್ಟರೆ 11 ಮೀಟರ್ ಮುಕ್ತ ಉದ್ದ ಸುಮಾರು 60 ಮಿಲಿಮೀಟರ್ ಹಿಗ್ಗಬೇಕು. ಅದರ ಶೇಕಡ 80, ಅಂದರೆ 48 ಮಿಲಿಮೀಟರಿಗಿಂತ ಕಡಿಮೆ ಹಿಗ್ಗಿದರೆ ಮುಕ್ತವಾಗಿರಬೇಕಾದ ಭಾಗವೇ ಎಲ್ಲೋ ಮಣ್ಣಿಗೆ ಕಚ್ಚಿಕೊಂಡಿದೆ ಎಂದರ್ಥ. ಜ್ಯಾಕಿನ ಮಾಪಕ ಪೂರ್ತಿ ಬಲ ತೋರಿಸುತ್ತಿದ್ದರೂ ಅಂಥ ಆಂಕರನ್ನು ಒಪ್ಪುವಂತಿಲ್ಲ. ಬಳಿಕ ಪರೀಕ್ಷಾ ಬಲವನ್ನು ಹಾಗೆಯೇ ಹಿಡಿದು, 1ನೇ ನಿಮಿಷದಿಂದ 10ನೇ ನಿಮಿಷದೊಳಗೆ 1 ಮಿಲಿಮೀಟರಿಗಿಂತ ಹೆಚ್ಚು ಜರುಗಿದರೆ 60 ನಿಮಿಷದವರೆಗೆ ಅಳೆಯುವುದನ್ನು ಮುಂದುವರಿಸಿದೆವು.

ತುಕ್ಕಿನಿಂದ ಆಂಕರ್ ಸೋಲುವುದು ಹೆಚ್ಚಾಗಿ ಆಳದ ಹಿಡಿತದ ಭಾಗದಲ್ಲಲ್ಲ, ತಲೆಯ ಬಳಿ ಮತ್ತು ಮುಕ್ತ ಉದ್ದದಲ್ಲಿ. ಹಾಗಾಗಿ ತಲೆಯ ಫಲಕದ ಹಿಂದಿನ ಜಾಗವನ್ನು ಗ್ರೀಸ್ ಮತ್ತು ಗ್ರೌಟಿನಿಂದ ಪೂರ್ತಿ ತುಂಬಿಸುವುದನ್ನು ನಾನೇ ನಿಂತು ನೋಡಿದೆ. ಕೆಲವು ಆಂಕರುಗಳ ತಲೆಗೆ ಬಲಮಾಪಕ ಅಳವಡಿಸಿ, ಅಗೆತದ ಪ್ರತಿ ಹಂತದ ನಂತರವೂ ಅವುಗಳ ಓದನ್ನು ಹಳೆಯ ಗೋಡೆಯ ಬಿರುಕುಗಳ ಅಳತೆಯೊಡನೆ ಹೋಲಿಸಿ ನೋಡಿದ ಮೇಲೆಯೇ ಮುಂದಿನ ಹಂತ ಅಗೆಯಲು ಅನುಮತಿ ಕೊಟ್ಟೆ.