ಪೊಕ್ಲೇನ್ ಕಂಟ್ರೋಲರ್ ಬದಲಿಸುವ ಮುಂಚೆ ಅರ್ಥ್ ವೈರ್ ನೋಡಿ

ನಮ್ಮ ವಿಜಯಪುರದ ಕಡೆ ಮಣ್ಣು ಅಗೆಯುವ ಮಷೀನ್ ಯಾವ ಕಂಪನಿಯದೇ ಆಗಲಿ, ಅದು ‘ಹಿಟಾಚಿ’. ಪುಣೆಯಲ್ಲಿ ಅದೇ ‘ಪೊಕ್ಲೇನ್’. ಹೆಸರು ಏನೇ ಇರಲಿ, ಹದಿನೈದು ವರ್ಷ ದುಡಿದ ಮಷೀನ್ ಭೋಸರಿಯ ನಮ್ಮ ಶೆಡ್ಡಿಗೆ ಬಂತೆಂದರೆ ಓನರ್ ಬಾಯಲ್ಲಿ ಒಂದೇ ಮಾತು: ‘ಕಂಟ್ರೋಲರ್ ಹೋಗಿದೆ, ಬೇರೆ ಹಾಕಿ.’ ಎಂಜಿನ್, ಪಂಪ್‌ಗಳನ್ನು ನಡೆಸುವ ಆ ಎಲೆಕ್ಟ್ರಾನಿಕ್ ಡಬ್ಬಿ ನಿಜವಾಗಿ ಹೋಗಿರುವುದು ಅಪರೂಪ.

ಒಂದು ಮಳೆಗಾಲದಲ್ಲಿ ಹೀಗೇ ಒಂದು ಮಷೀನ್ ಬಂದಿತ್ತು. ಬಕೆಟ್ ಮಣ್ಣಿಗಿಳಿದರೆ ಸಾಕು, ಎಂಜಿನ್ ರೇಸ್ ಏರುವುದು, ಇಳಿಯುವುದು. ಬೇರೆ ಕಡೆ ಎರಡು ಕಂಟ್ರೋಲರ್ ಬದಲಿಸಿಯಾಗಿತ್ತು, ದುಡ್ಡು ನೀರು ಪಾಲು. ನೋಡಿದರೆ ಕ್ಯಾಬಿನ್ ಅಡಿಯ ಅರ್ಥ್ ಪಟ್ಟಿ, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ, ತುಕ್ಕು ಹಿಡಿದು ಕೂತಿದೆ. ಬೋಲ್ಟ್ ಬಿಚ್ಚಿ, ಮರಳು ಕಾಗದ ಉಜ್ಜಿ, ಬಿಗಿದೆ. ಅಷ್ಟೇ.

ಹಾಗಾಗಿ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಕನೆಕ್ಟರ್ ಬಿಚ್ಚದೆ, ಎಂಜಿನ್ ಓಡುತ್ತಿರುವಾಗಲೇ, ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗೆ, ಕೆಂಪು ಕಡ್ಡಿ ಹಿಂದಿನಿಂದ ಕಂಟ್ರೋಲರ್‌ನ ಅರ್ಥ್ ಪಿನ್ನಿಗೆ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಕಳ್ಳ ಅಲ್ಲೇ ಇದ್ದಾನೆ. ಸುಮ್ನೆ ಓಮ್ಸ್ ನೋಡಿ ‘ವೈರ್ ಸರಿ ಇದೆ’ ಅನ್ನಬೇಡಿ. ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಸರಿ ಅನ್ನುತ್ತದೆ, ಜೋರು ಕರೆಂಟ್ ಹರಿಯುವಾಗ ಆ ವೈರ್ ಕೈ ಕೊಡುತ್ತದೆ. ಇದಕ್ಕೆ ನಾನು ಮಾಡುವುದು ಇಷ್ಟು: ಕಂಟ್ರೋಲರ್ ಕನೆಕ್ಟರ್ ಬಿಚ್ಚಿ, ಸಪ್ಲೈ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ 24 ವೋಲ್ಟ್ 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಹಚ್ಚುತ್ತೇನೆ. ಮಂಕಾಗಿ ಉರಿದರೆ ವೈರಿಂಗ್ ಹುಡುಕಿ, ಡಬ್ಬಿಯ ತಂಟೆಗೆ ಹೋಗಬೇಡಿ.

ಆಮೇಲೆ ಸೆನ್ಸರ್‌ಗಳ 5 ವೋಲ್ಟ್. ಒಂದೇ ಲೈನಿನ ಮೇಲೆ ಎರಡು ಮೂರು ಸೆನ್ಸರ್ ಇರುತ್ತವೆ, ಒಂದು ಶಾರ್ಟ್ ಆದರೆ ಎಲ್ಲವೂ ಮಲಗುತ್ತವೆ, ಡಿಸ್‌ಪ್ಲೇಯಲ್ಲಿ ಫಾಲ್ಟ್ ಕೋಡ್ ಸಾಲುಗಟ್ಟಿ ನಿಲ್ಲುತ್ತವೆ, ನೋಡಿದವರು ಡಬ್ಬಿ ಸತ್ತಿದೆ ಅಂದುಕೊಳ್ಳುತ್ತಾರೆ. ಒಂದೊಂದೇ ಸೆನ್ಸರ್ ಕಿತ್ತು ಮೀಟರ್ ನೋಡುತ್ತಾ ಹೋಗಿ. ಯಾವುದನ್ನು ಕಿತ್ತಾಗ 5 ವೋಲ್ಟ್ ವಾಪಸ್ ಬರುತ್ತದೋ ಅದೇ ಕೆಟ್ಟಿದ್ದು, ಇಲ್ಲವೇ ಅದರ ವೈರ್. ಮಷೀನಿನಲ್ಲಿ ಕ್ಯಾನ್ (CAN) ಲೈನ್, ಅಂದರೆ ಕಂಟ್ರೋಲರ್‌ಗಳು ಪರಸ್ಪರ ಮಾತಾಡುವ ಜೋಡಿ ವೈರ್, ಇದ್ದರೆ ಬ್ಯಾಟರಿ ತೆಗೆದು ಆ ಎರಡು ಹೆಣೆದ ವೈರ್‌ಗಳ ನಡುವೆ ಅಳೆಯಿರಿ. ಸುಮಾರು 60 ಓಮ್ಸ್ ಬರಬೇಕು. 120 ಬಂದರೆ ಒಂದು ತುದಿಯ ರೆಸಿಸ್ಟರ್ ಹೋಗಿದೆ, ಅಥವಾ ಮಧ್ಯೆ ಎಲ್ಲೋ ವೈರ್ ಕಡಿದಿದೆ. ಇಲಿ ಕೆಲಸವೂ ಇರಬಹುದು.

ಇಷ್ಟೆಲ್ಲಾ ಸರಿ ಇದ್ದರೆ ಮಾತ್ರ ಡಬ್ಬಿ ಬಿಚ್ಚಿ. ಒಳಗೆ ಗಟ್ಟಿ ರಾಳ ತುಂಬಿದ್ದರೆ ಕೈ ಹಾಕಬೇಡಿ. ಇಲ್ಲದಿದ್ದರೆ ಮೊದಲು ಕೆಪಾಸಿಟರ್ ನೋಡಿ: ತಲೆ ಉಬ್ಬಿದೆಯಾ, ಬುಡದಲ್ಲಿ ಜಿಗುಟು ಸೋರಿದೆಯಾ, ಮೀನಿನಂಥ ವಾಸನೆ ಬರುತ್ತಿದೆಯಾ. ಆ ಸೋರಿದ ದ್ರವ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು, ಅದೇ ಮೈಕ್ರೋಫ್ಯಾರಡ್‌ನ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರುವ, 105 ಡಿಗ್ರಿ ಬಿಸಿ ತಾಳುವಂಥದ್ದನ್ನು ಹಾಕಿ. ಪ್ಲಸ್ ಮೈನಸ್ ತಿರುಗಿಸಿದರೆ ಪಟಾಕಿ. ಮಾಲು ಪುಣೆಯ ಬುಧವಾರ ಪೇಟೆಯಲ್ಲಿ ಸಿಗುತ್ತದೆ, ಅಲ್ಲಿ ಇಲ್ಲದಿದ್ದರೆ ಮುಂಬೈನ ಲ್ಯಾಮಿಂಗ್ಟನ್ ರೋಡ್. ಕೊನೆಗೆ ಬೋರ್ಡಿಗೆ ವಾರ್ನಿಶ್ ಸ್ಪ್ರೇ ಹೊಡೆದು ಹೊಸ ಗ್ಯಾಸ್ಕೆಟ್ ಕೂರಿಸಿ. ಇಲ್ಲವಾದರೆ ಜೂನ್ ಮಳೆಗೆ ಮತ್ತೆ ಅದೇ ಕಥೆ.

ಬೋರ್ಡ್ ಸುಟ್ಟೇ ಹೋಗಿದ್ದರೆ ಹಳೆಯ ಮಾಲು ಹುಡುಕಬೇಕು. ಪಾರ್ಟ್ ನಂಬರಿನ ಕೊನೆಯ ಅಂಕಿಯವರೆಗೂ ತಾಳೆ ನೋಡಿ. ಡಬ್ಬಿ ಒಂದೇ ಥರ ಕಂಡರೂ ಒಳಗಿನ ಪ್ರೋಗ್ರಾಂ ಬೇರೆ ಇರುತ್ತದೆ. ಎಷ್ಟೋ ಬೋರ್ಡ್‌ಗಳಲ್ಲಿ ಆ ಮಷೀನಿನ ಸೆಟ್ಟಿಂಗ್ ಎಂಟು ಕಾಲಿನ ಪುಟ್ಟ ಮೆಮೊರಿ ಚಿಪ್‌ನಲ್ಲಿ ಇರುತ್ತದೆ, ಹಾಗಾಗಿ ನಿಮ್ಮ ಸುಟ್ಟ ಬೋರ್ಡ್ ಎಸೆಯಬೇಡಿ, ಬೋರ್ಡ್ ರಿಪೇರಿಯವರ ಹತ್ತಿರ ಆ ಚಿಪ್‌ನ ಕಾಪಿ ಮಾಡಿಸಿಕೊಳ್ಳಿ. ಮಷೀನಿಗೆ ಹಾಕಿ ಓಡಿಸಿ ನೋಡಿದ ಮೇಲೆಯೇ ಪೂರ್ತಿ ದುಡ್ಡು ಕೊಡಿ.

ಕೂರಿಸುವಾಗ ಕನೆಕ್ಟರ್ ಬಾಯಿ ಕೆಳಮುಖ ಇರಲಿ, ವೈರ್ ಒಮ್ಮೆ ಕೆಳಗೆ ಬಳುಕಿ ಮೇಲೆ ಹೋಗಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಅವಸರಕ್ಕೆ ಸೇಫ್ಟಿ ಲಿವರ್ ಸ್ವಿಚ್ (ಆಪರೇಟರ್ ಹತ್ತಿ ಇಳಿಯುವಾಗ ಬೂಮ್ ಅಲುಗದಂತೆ ತಡೆಯುವುದು) ಬೈಪಾಸ್ ಮಾಡಿ ಅಂತ ಯಾರು ಹೇಳಿದರೂ ಮಾಡಬೇಡಿ, ಕ್ಯಾಬಿನ್ ಹತ್ತುವಾಗ ಬೂಮ್ ನಡೆಸುವ ಲಿವರ್‌ಗೆ ಮೊಣಕೈ ತಾಗಿದರೆ ಬೂಮ್ ಯಾರ ತಲೆ ಮೇಲೆ ಬರುತ್ತದೋ ಹೇಳಲಾಗದು. ಬಕೆಟ್ಟಿಗೆ ವೆಲ್ಡಿಂಗ್ ಮಾಡುವ ದಿನ ಬ್ಯಾಟರಿಯನ್ನೂ ಕಂಟ್ರೋಲರ್ ಕನೆಕ್ಟರನ್ನೂ ಕಳಚಿಟ್ಟು, ವೆಲ್ಡಿಂಗ್ ಅರ್ಥ್ ಕ್ಲ್ಯಾಂಪ್ ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿಸಿ.