ಅರ್ಥ ಹೇಳುವುದನ್ನು ನಿಲ್ಲಿಸಿದ ಮೇಲೆ

ಮೊದಲ ಕೆಲವು ವರ್ಷ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪದ್ಯ ಕಲಿಸುತ್ತಿದ್ದದ್ದು ಹೀಗೆ: ಒಂದು ಸಲ ಓದುತ್ತಿದ್ದೆ, ಕಷ್ಟದ ಪದಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಸಾಲು ಸಾಲಾಗಿ ಬಿಡಿಸಿ ಹೇಳುತ್ತಿದ್ದೆ, ಕೊನೆಗೆ ಸಾರಾಂಶ ಬರೆಸುತ್ತಿದ್ದೆ. ಮಕ್ಕಳು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನೇ ನನಗೆ ವಾಪಸ್ ಒಪ್ಪಿಸುತ್ತಿದ್ದರು.

ಒಂದು ದಿನ ಪಾಠದಲ್ಲಿಲ್ಲದ ಪದ್ಯವೊಂದನ್ನು ಕೊಟ್ಟು, ನಿಮಗೆ ಅನ್ನಿಸಿದ್ದು ಬರೆಯಿರಿ ಅಂದೆ. ಹತ್ತು ನಿಮಿಷವಾದರೂ ಅರ್ಧ ಕ್ಲಾಸಿನ ಹಾಳೆ ಖಾಲಿ. ಯಾವಾಗಲೂ ಒಳ್ಳೆ ಅಂಕ ತೆಗೆಯುವ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಇದರ ಅರ್ಥ ನೀವಿನ್ನೂ ಹೇಳಿಲ್ಲ" ಅಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅರ್ಥ ಇರುವುದು ಟೀಚರ್ ಹತ್ತಿರ, ಅವರು ಕೊಟ್ಟಾಗ ತೆಗೆದುಕೊಳ್ಳಬೇಕು ಅಂತ ಅವಳಿಗೆ ಕಲಿಸಿದ್ದು ನಾನೇ. ಅದು ನನಗೆ ಬಹಳ ದಿನ ಚುಚ್ಚುತ್ತಿತ್ತು. ಆ ವರ್ಷದಿಂದ ಅರ್ಥ ಹೇಳುವುದನ್ನು ನಿಲ್ಲಿಸಿದೆ.

ಈಗ ಪದ್ಯವನ್ನು ಬಿಡಿ ಹಾಳೆಯಲ್ಲಿ, ಸುತ್ತ ಧಾರಾಳವಾಗಿ ಜಾಗ ಬಿಟ್ಟು ಕೊಡುತ್ತೇನೆ. ಕವಿಯ ಹೆಸರು ಹಾಕುವುದಿಲ್ಲ. ಇದು ನಾನು ಕಂಡುಹಿಡಿದದ್ದಲ್ಲ. ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಹೀಗೆ ಹೆಸರಿಲ್ಲದ ಪದ್ಯಗಳನ್ನು ಕೊಟ್ಟು, ಅವರು ಬರೆದದ್ದನ್ನೆಲ್ಲ ಪರಿಶೀಲಿಸಿ 1929ರಲ್ಲಿ ಪುಸ್ತಕ ಮಾಡಿದರು. ಅಷ್ಟು ಓದಿಕೊಂಡವರೂ ಅಲ್ಲಿ ಎಷ್ಟೋ ಕಡೆ ಎಡವಿದ್ದಾರೆ. ನಮ್ಮ ಮಕ್ಕಳಿಗೆ ಈ ವಿಷಯ ಹೇಳಿದರೆ ಅವರ ಭಯ ಸ್ವಲ್ಪ ಇಳಿಯುತ್ತದೆ.

ಆಮೇಲೆ ಮೂರು ಓದು. ಮೊದಲು ನಾನು ಗಟ್ಟಿಯಾಗಿ ಓದುತ್ತೇನೆ, ಆಗ ಯಾರೂ ಹಾಳೆ ನೋಡುವಂತಿಲ್ಲ, ಸುಮ್ನೆ ಕೇಳಬೇಕು. ಎರಡನೇ ಸಲ ಮಕ್ಕಳಲ್ಲೊಬ್ಬರು ಓದುತ್ತಾರೆ. ಮೂರನೇ ಸಲ ಎಲ್ಲರೂ ಮನಸ್ಸಿನಲ್ಲೇ, ಕೈಯಲ್ಲಿ ಪೆನ್ಸಿಲ್ ಹಿಡಿದು. ಕೆಲಸ ಒಂದೇ: ಎಲ್ಲಿ ನಿಮಗೆ ತಡೆದ ಹಾಗಾಯಿತೋ ಅಲ್ಲಿ ಗುರುತು ಹಾಕಿ. ಗೊತ್ತಿಲ್ಲದ ಪದ ಇರಬಹುದು, ಇಷ್ಟವಾದ ಸಾಲು ಇರಬಹುದು, ವಿಚಿತ್ರ ಅನ್ನಿಸಿದ ಚುಕ್ಕಿ ಇರಬಹುದು. ಅರ್ಥದ ಮಾತು ಇನ್ನೂ ಬೇಡ.

ಇದಕ್ಕೆ ನಾನು ಮತ್ತೆ ಮತ್ತೆ ತೆಗೆದುಕೊಳ್ಳುವ ಪದ್ಯ ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್‌ನದು, 'ಸ್ಟಾಪಿಂಗ್ ಬೈ ವುಡ್ಸ್ ಆನ್ ಎ ಸ್ನೋಯಿ ಈವ್‌ನಿಂಗ್'. 1923ರಲ್ಲಿ ಅಚ್ಚಾದದ್ದು. ಕತ್ತಲಾಗುವ ಹೊತ್ತು, ಹಿಮ ಬೀಳುತ್ತಿದೆ, ಒಬ್ಬ ಕುದುರೆ ನಿಲ್ಲಿಸಿ ಕಾಡು ನೋಡುತ್ತಾ ನಿಂತಿದ್ದಾನೆ, ಆಮೇಲೆ ಹೊರಡಬೇಕು ಅಂದುಕೊಳ್ಳುತ್ತಾನೆ. ಕಥೆ ಅಷ್ಟೇ. 16 ಸಾಲು. ಎಲ್ಲ ಸುಲಭದ ಪದಗಳು, ಹಾಗಾಗಿ ಇದರಲ್ಲೇನಿದೆ ಬರೆಯೋಕೆ ಅಂತ ಮಕ್ಕಳು ಮೊದಲು ಮುಖ ನೋಡುತ್ತಾರೆ.

ಆಗ ಬಣ್ಣದ ಪೆನ್ಸಿಲ್ ತೆಗೆಸುತ್ತೇನೆ. ಸಾಲಿನ ಕೊನೆಯ ಪದಗಳಲ್ಲಿ ಒಂದೇ ಥರ ಕೇಳುವವಕ್ಕೆ ಒಂದೇ ಬಣ್ಣ. (ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂರುತ್ತದೆ, ಇಲ್ಲಿ ಕೊನೆಯಲ್ಲಿ. ಹೀಗಾಗಿ ಕಣ್ಣು ಬಲಗಡೆಯ ಅಂಚಿನಲ್ಲಿರಬೇಕು.) ಮೊದಲ ನಾಲ್ಕು ಸಾಲಿನಲ್ಲಿ 'ನೋ', 'ದೋ', 'ಸ್ನೋ' ಒಂದೇ ಬಣ್ಣ ಆಗುತ್ತವೆ. ಮೂರನೇ ಸಾಲಿನ 'ಹಿಯರ್' ಒಂಟಿಯಾಗಿ ಉಳಿಯುತ್ತದೆ. ಅದು ತಪ್ಪಿಹೋಯಿತೇನೋ ಅಂದುಕೊಂಡು ಮುಂದಿನ ಪದ್ಯಭಾಗಕ್ಕೆ ಬಂದರೆ ಅಲ್ಲಿ 'ಕ್ವಿಯರ್', 'ನಿಯರ್', 'ಇಯರ್' ಎಲ್ಲ ಆ ಒಂಟಿ ಪದದ ಬಣ್ಣವೇ. ಅಲ್ಲಿ ಒಂಟಿಯಾದ 'ಲೇಕ್' ಅದರ ಮುಂದಿನ ಭಾಗಕ್ಕೆ ಬಣ್ಣ ಕೊಡುತ್ತದೆ. ಹೀಗೆ ಒಂದು ಕೊಂಡಿ ಇನ್ನೊಂದಕ್ಕೆ ಸಿಕ್ಕಿಕೊಂಡು ಹೋಗುತ್ತದೆ. ಕೊನೆಯ ಭಾಗ ಬಂದಾಗ ಕ್ಲಾಸಿನಲ್ಲಿ ಗುಸುಗುಸು ಶುರುವಾಗುತ್ತದೆ. 'ಡೀಪ್', 'ಕೀಪ್', 'ಸ್ಲೀಪ್', ಮತ್ತೆ 'ಸ್ಲೀಪ್'. ನಾಲ್ಕೂ ಒಂದೇ ಬಣ್ಣ. ಒಂಟಿ ಪದ ಇಲ್ಲ. ಮುಂದಕ್ಕೆ ಎಳೆದುಕೊಂಡು ಹೋಗುವ ಕೊಂಡಿಯೇ ಇಲ್ಲ.

"ಅವನು ಹೊರಡ್ತೀನಿ ಅಂತಾನೆ, ಆದ್ರೆ ಪದ್ಯ ನಿಂತುಬಿಟ್ಟಿದೆ ಮಿಸ್." ಒಬ್ಬ ಹುಡುಗ ಹೀಗಂದಾಗ ನನಗೆ ಮಾತೇ ಬರಲಿಲ್ಲ. ಇದನ್ನು ನಾನು ಯಾವ ವರ್ಷವೂ ಬೋರ್ಡಿನ ಮೇಲೆ ಬರೆಸಿರಲಿಲ್ಲ.

ಇನ್ನೊಂದು ಸಲ ಸಿಲಬಲ್, ಅಂದರೆ ಪದದ ಉಚ್ಚಾರದ ತುಂಡುಗಳನ್ನು, ಎಣಿಸುತ್ತಿದ್ದೆವು. ಪ್ರತಿ ಸಾಲಿಗೆ ಎಂಟು. ಬೆರಳು ಮಡಚುತ್ತಾ ಹೋದಾಗ ಒಬ್ಬಳು, ಇಲ್ಲಿರುವ ಪದಗಳೆಲ್ಲ ಒಂದೋ ಎರಡೋ ಸಿಲಬಲ್‌ನವು, 'ಪ್ರಾಮಿಸಸ್' (ಹೊರಡಬೇಕು ಅನ್ನುವುದಕ್ಕೆ ಅವನು ಕೊಡುವ ಕಾರಣ, ಉಳಿಸಿಕೊಳ್ಳಬೇಕಾದ ಮಾತುಗಳು) ಒಂದೇ ಮೂರು ಅಂತ ಹೇಳಿದಳು. ನಾನು ಕೂತು ಪೂರ್ತಿ ಪದ್ಯ ಎಣಿಸಿದೆ. 'ಈವ್‌ನಿಂಗ್' ಅನ್ನು ಎರಡಾಗಿ ಓದಿದರೆ, ಅವಳು ಹೇಳಿದ್ದು ನಿಜ. ಕಾಡಿನ ಮುಂದೆ ನಿಂತವನನ್ನು ವಾಪಸ್ ಕರೆಯುವ ಪದವೇ ಇಡೀ ಪದ್ಯದಲ್ಲಿ ಎಲ್ಲಕ್ಕಿಂತ ಉದ್ದದ್ದು. ಆ ಪದ್ಯವನ್ನು ಎಷ್ಟೋ ಸಲ ಪಾಠ ಮಾಡಿದ್ದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅದೇ ಪದ್ಯದಲ್ಲಿ ಒಂದು ಕಾಮಾದ ಜಗಳವೂ ಇದೆ. ಫ್ರಾಸ್ಟ್ ಬರೆದದ್ದು 'ಲವ್ಲಿ' ಆದಮೇಲೆ ಒಂದು ಕಾಮಾ, ಆಮೇಲೆ 'ಡಾರ್ಕ್ ಅಂಡ್ ಡೀಪ್'. ಅವನು ತೀರಿಹೋದ ಮೇಲೆ, 1969ರಲ್ಲಿ ಎಡ್ವರ್ಡ್ ಕಾನರಿ ಲೇಥಮ್ ಸಂಪಾದಿಸಿದ ಸಂಗ್ರಹದಲ್ಲಿ 'ಡಾರ್ಕ್' ಆದಮೇಲೂ ಒಂದು ಕಾಮಾ ಸೇರಿತು. ಎರಡನ್ನೂ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು, ಬೇರೆ ಬೇರೆಯಾಗಿ ಓದಿ ಅನ್ನುತ್ತೇನೆ. ಎರಡು ಕಾಮಾ ಇದ್ದರೆ ಚಂದ, ಕತ್ತಲು, ಆಳ ಅಂತ ಮೂರು ಗುಣಗಳ ಪಟ್ಟಿ. ಒಂದೇ ಇದ್ದರೆ, ಕತ್ತಲಾಗಿ ಆಳವಾಗಿ ಇರುವುದರಿಂದಲೇ ಕಾಡು ಚಂದ ಅನ್ನುವ ಹಾಗೆ ಕೇಳುತ್ತದೆ. ಒಂದು ಪೀರಿಯಡ್ ಪೂರ್ತಿ ಇದಕ್ಕೇ ಹೋದದ್ದಿದೆ. ಸಿಲಬಸ್ ಹಿಂದೆ ಬಿತ್ತು, ನಿಜ. ಆದರೂ ಆ ಪೀರಿಯಡ್ ನಾನು ಬಿಟ್ಟುಕೊಡುವುದಿಲ್ಲ.

ಇನ್ನು ಅಲಂಕಾರಗಳ ವಿಷಯ. ಮೆಟಫರ್, ಸಿಮಿಲಿ, ಅಲಿಟರೇಷನ್ ಅಂತ ಹೆಸರು ಕಂಠಪಾಠ ಮಾಡಿದ ಮಕ್ಕಳು ಪದ್ಯದೊಳಗೆ ಅವನ್ನು ಹುಡುಕಿ ಗುರುತು ಹಾಕಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. "ಇಲ್ಲಿ ಅಲಿಟರೇಷನ್ ಇದೆ" (ಅಂದರೆ ಒಂದೇ ಸದ್ದು ಹತ್ತಿರ ಹತ್ತಿರ ಮತ್ತೆ ಬರುವುದು) ಅಂತ ಬರೆದರೆ ನಾನು ಪಕ್ಕದಲ್ಲಿ ಒಂದೇ ಮಾತು ಬರೆಯುತ್ತೇನೆ: "ಇದೆ, ಸರಿ. ಅದು ಏನು ಮಾಡ್ತಿದೆ?" ಒಂದು ವರ್ಷ ಇದನ್ನು ಎಷ್ಟು ಸಲ ಬರೆದೆ ಅಂದರೆ ಮಕ್ಕಳೇ ಒಬ್ಬರಿಗೊಬ್ಬರು ಕೇಳತೊಡಗಿದರು. ಹೆಸರು ನೆನಪಾಗದಿದ್ದರೂ ಪರವಾಗಿಲ್ಲ. 'ಸ್ವೀಪ್', 'ಈಸಿ', 'ಸೌಂಡ್' ಹತ್ತಿರ ಹತ್ತಿರ ಬಂದಾಗ ಗಾಳಿಯ ಸುಯ್ಯೆನ್ನುವ ಸದ್ದು ಬಾಯಲ್ಲೇ ಹುಟ್ಟುತ್ತದೆ ಅಂತ ಬರೆದ ಹುಡುಗನಿಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಸಾಲು ಎಲ್ಲಿ ಮುರಿಯಬೇಕು ಅನ್ನುವುದಕ್ಕೆ ಒಂದು ಚಿಕ್ಕ ಪ್ರಯೋಗ ಇದೆ. ಅಮೆರಿಕದ ಇನ್ನೊಬ್ಬ ಕವಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್‌ನ ಕೆಂಪು ಕೈಗಾಡಿಯ ಪದ್ಯ ಒಟ್ಟು 16 ಪದ. ಅದನ್ನು ಗದ್ಯದ ಹಾಗೆ ಒಂದೇ ವಾಕ್ಯವಾಗಿ ಬರೆದು ಕೊಡುತ್ತೇನೆ. ನೀವೇ ಕತ್ತರಿಸಿ ಅನ್ನುತ್ತೇನೆ. ಹೆಚ್ಚಿನವರು ಅರ್ಥ ಮುಗಿದ ಕಡೆ ಕತ್ತರಿಸುತ್ತಾರೆ. ಆಮೇಲೆ ಕವಿ ಕತ್ತರಿಸಿದ್ದನ್ನು ತೋರಿಸುತ್ತೇನೆ: ಮೂರು ಪದ, ಒಂದು ಪದ, ಮೂರು, ಒಂದು, ಕೊನೆಯವರೆಗೂ ಹೀಗೇ. 'ವೀಲ್' ಒಂದು ಸಾಲಿನಲ್ಲಿ, 'ಬ್ಯಾರೋ' ಕೆಳಗಿನ ಸಾಲಿನಲ್ಲಿ. ಗಾಡಿಯ ಚಕ್ರ ಕಳಚಿ ಕೈಗೆ ಕೊಟ್ಟ ಹಾಗೆ! ಹತ್ತು ನಿಮಿಷ ಸಾಕು ಇದಕ್ಕೆ.

ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಹಾಗಾದರೆ ಯಾರು ಏನು ಹೇಳಿದರೂ ಸರೀನಾ? ಸರಿಯಲ್ಲ. ಇದನ್ನು ಕಲಿಸಲು ನನಗೆ ಜಾಸ್ತಿ ಕಷ್ಟವಾಯಿತು, ಯಾಕೆಂದರೆ ಮಕ್ಕಳು ಬಾಯಿಬಿಟ್ಟು ಮಾತಾಡತೊಡಗಿದ್ದೇ ಆಗ, ಅವರನ್ನು ತಡೆಯಲು ಮನಸ್ಸು ಬರುವುದಿಲ್ಲ. ಫ್ರಾಸ್ಟ್‌ನದೇ 'ದ ರೋಡ್ ನಾಟ್ ಟೇಕನ್' ಇದಕ್ಕೆ ಸರಿಯಾದ ಜಾಗ. ಕಾಡಿನಲ್ಲಿ ದಾರಿ ಎರಡಾಗಿ ಕವಲೊಡೆದ ಕಡೆ ಒಬ್ಬ ಒಂದನ್ನು ಆರಿಸಿಕೊಳ್ಳುತ್ತಾನೆ. ಜನ ನಡೆಯದ ಕಷ್ಟದ ದಾರಿ ಹಿಡಿದು ಗೆದ್ದವನ ಪದ್ಯ ಅಂತ ಮಕ್ಕಳು ಮೊದಲೇ ಎಲ್ಲೋ ಕೇಳಿರುತ್ತಾರೆ. ನಾನು ಬೇಡ ಅನ್ನುವುದಿಲ್ಲ. ಯಾವ ಸಾಲಿನಲ್ಲಿದೆ, ಬೆರಳಿಟ್ಟು ತೋರಿಸಿ ಅನ್ನುತ್ತೇನೆ. ಬೆರಳು ಹುಡುಕುತ್ತಾ ಹೋಗುತ್ತದೆ. ಎರಡನೇ ಭಾಗದ ಕೊನೆಗೆ ಬಂದಾಗ, ಎರಡೂ ದಾರಿ ಹೆಚ್ಚುಕಮ್ಮಿ ಒಂದೇ ಸಮ ಸವೆದಿದ್ದವು ಅಂತ ಕವಿಯೇ ಹೇಳಿರುವುದು ಸಿಗುತ್ತದೆ. ಮೂರನೇ ಭಾಗದಲ್ಲಿ ಎರಡರ ಮೇಲೂ ಯಾರೂ ತುಳಿಯದ ಎಲೆಗಳು. "ಮತ್ತೆ ಕೊನೆಯಲ್ಲಿ, ಜನ ಕಮ್ಮಿ ನಡೆದ ದಾರಿ ಹಿಡಿದೆ, ಅದರಿಂದಲೇ ಎಲ್ಲ ಬದಲಾಯಿತು ಅಂತ ಯಾಕಂತಾನೆ?" ಅಂತ ಅವರೇ ಕೇಳುತ್ತಾರೆ. ಆಗ ಮಾತ್ರ, ಈ ಪದ್ಯ ಬರೆಯುವಾಗ ಫ್ರಾಸ್ಟ್‌ನ ಮನಸ್ಸಿನಲ್ಲಿ ಅವನ ಗೆಳೆಯ ಎಡ್ವರ್ಡ್ ಥಾಮಸ್ ಇದ್ದ, ವಾಕಿಂಗ್ ಹೋದಾಗ ಯಾವ ದಾರಿ ಹಿಡಿದರೂ ಇನ್ನೊಂದನ್ನು ಹಿಡಿಯಬೇಕಿತ್ತು ಅಂತ ಕೊರಗುವ ಸ್ವಭಾವದವನು ಅಂತ ಹೇಳುತ್ತೇನೆ. ಇದನ್ನು ಮೊದಲೇ ಹೇಳಿದರೆ ಪದ್ಯ ನೋಡುವುದನ್ನು ಬಿಟ್ಟುಬಿಡುತ್ತಾರೆ.

ಬರೆಯುವ ಹಂತಕ್ಕೆ ಬಂದಾಗ ನಾನು ಕೇಳುವುದು ಒಂದೇ ಪ್ಯಾರಾ. ಪದ್ಯದಿಂದ ಒಂದು ಪದ ಅಥವಾ ಅರ್ಧ ಸಾಲು ಆರಿಸಿ, ಅದು ಅಲ್ಲಿ ಏನು ಮಾಡುತ್ತಿದೆ ಹೇಳಿ, ಅದರಿಂದ ಪದ್ಯ ನಿಮಗೆ ಹೇಗೆ ಕೇಳಿತು ಹೇಳಿ. ಸಾರಾಂಶ ಬೇಡ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳು ಮೊದಲು ತಮ್ಮ ಭಾಷೆಯಲ್ಲೇ ಪಕ್ಕದವರ ಹತ್ತಿರ ಮಾತಾಡಿಕೊಳ್ಳಲಿ ಅಂತ ಬಿಡುತ್ತೇನೆ, ಆಮೇಲೆ ಇಂಗ್ಲಿಷ್‌ನಲ್ಲಿ ಬರೆಯುತ್ತಾರೆ. ವ್ಯಾಕರಣದ ತಪ್ಪು ತಿದ್ದುವುದು ಎರಡನೇ ಸಲ.

ಈ ವರ್ಷ ಆ ದಾರಿಗಳ ಪದ್ಯದ ಮೇಲೆ ಇಬ್ಬರು 'ಸೈ' ಅನ್ನುವ ಒಂದೇ ಪದವನ್ನು ಆರಿಸಿಕೊಂಡಿದ್ದರು. ಕೊನೆಯಲ್ಲಿ ಅವನು ಬಿಡುವ ನಿಟ್ಟುಸಿರು. ಅದು ಪಶ್ಚಾತ್ತಾಪದ್ದು ಅಂತ ಒಬ್ಬಳು ಬರೆದಳು. ಹೆಸರಿನಲ್ಲೇ ಹಿಡಿಯದ ದಾರಿ ಇದೆ, ಮನಸ್ಸು ಅಲ್ಲೇ ಇದೆ ಅಂತ ಅವಳ ವಾದ. ಇನ್ನೊಬ್ಬ, ಅವನು ಇನ್ನೂ ನಿಟ್ಟುಸಿರು ಬಿಟ್ಟೇ ಇಲ್ಲ ಅಂತ ಬರೆದ. ಎಷ್ಟೋ ಕಾಲದ ಮೇಲೆ ಹೀಗೆ ಹೇಳುತ್ತಿರುತ್ತೇನೆ ಅಂತ 'ಶಾಲ್ ಬಿ ಟೆಲ್ಲಿಂಗ್' ಹೇಳುತ್ತಿದೆ, ಅಂದರೆ ಮುಂದೆ ಹೇಳಬೇಕಾದ ಕಥೆಯನ್ನು ಈಗಲೇ ಹೆಣೆಯುತ್ತಿದ್ದಾನೆ ಅಂತ. ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಇಬ್ಬರಿಗೂ ಪೂರ್ತಿ ಅಂಕ ಕೊಟ್ಟೆ. ಮರುದಿನ ಹಾಳೆ ಅದಲು ಬದಲು ಮಾಡಿ, ಒಬ್ಬರದನ್ನು ಇನ್ನೊಬ್ಬರು ಓದಲಿ ಅಂತ ಕೊಟ್ಟೆ.