ನಾಯಿಯ ಮೈಮೇಲೆ ಬೋಳು ಮಚ್ಚೆ ಕಂಡರೆ ಮೊದಲು ಮುಲಾಮು ಹಚ್ಚಬೇಡಿ

ನಾಯಿಯ ಮೈ ಸವರುವಾಗ ಒಂದು ಕಡೆ ಬೆರಳಿಗೆ ಕೂದಲೇ ಸಿಗುವುದಿಲ್ಲ. ಬಗ್ಗಿ ನೋಡಿದರೆ ನಾಣ್ಯದಷ್ಟು ಅಗಲದ ಬೋಳು ಜಾಗ. ನಿನ್ನೆಯೇ ಇತ್ತಾ, ಇವತ್ತು ಬಂತಾ, ಗೊತ್ತಾಗುವುದಿಲ್ಲ. ಗಾಬರಿಯಾಗುತ್ತದೆ, ಕೈ ಸೀದಾ ಮನೆಯ ಔಷಧಿ ಡಬ್ಬಿಗೆ ಹೋಗುತ್ತದೆ.

ದಯವಿಟ್ಟು ಅಲ್ಲೇ ನಿಲ್ಲಿ. ನಮ್ಮ ನಾಯಿಗೆ ಎಂಟು ತಿಂಗಳಿದ್ದಾಗ ಮುಂಗಾಲಿನ ಮೇಲೆ ಇಂಥದ್ದೇ ಮಚ್ಚೆ ಬಂದಿತ್ತು. ನಮ್ಮ ತುರಿಕೆಗೆ ಅಂತ ತಂದಿಟ್ಟಿದ್ದ ಮುಲಾಮನ್ನು ಒಂದು ವಾರ ಹಚ್ಚಿದೆ. ಒಂದು ಇದ್ದದ್ದು ಮೂರಾಯಿತು. ಆ ಮುಲಾಮಿನಲ್ಲಿ ಸ್ಟೀರಾಯ್ಡ್ ಇತ್ತು, ನಾಯಿಯ ಚರ್ಮದಲ್ಲಿ ಇದ್ದದ್ದು ಡೆಮೊಡೆಕ್ಸ್ ಅನ್ನುವ ನುಸಿ. ಸ್ಟೀರಾಯ್ಡ್ ಚರ್ಮದ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತದೆ, ಹಾಗಾಗಿ ನುಸಿಗಾಗಲಿ ಹುಳಕಡ್ಡಿಗಾಗಲಿ ಅದು ಹಬ್ಬಲು ದಾರಿ ಮಾಡಿಕೊಟ್ಟಂತೆ. ಮನುಷ್ಯರ ತುರಿಕೆ ಮುಲಾಮುಗಳಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಅಂತ ಸ್ಟೀರಾಯ್ಡ್ ಹೆಸರುಗಳನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ.

ಬೋಳು ಮಚ್ಚೆ ಒಂದು ಗುರುತು ಮಾತ್ರ, ರೋಗದ ಹೆಸರಲ್ಲ. ಒಂದೇ ತರ ಕಾಣುವ ಮಚ್ಚೆಗೆ ಹತ್ತಾರು ಕಾರಣ ಇರಬಹುದು, ಒಂದರ ಔಷಧಿ ಇನ್ನೊಂದಕ್ಕೆ ವಿಷವಾಗಬಹುದು. ಅದಕ್ಕೇ ಮೊದಲ ದಿನ ಮಾಡಬೇಕಾದ್ದು ನೋಡುವ ಕೆಲಸ.

ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ನಾಣ್ಯವನ್ನೋ ಸ್ಕೇಲನ್ನೋ ಇಡಿ, ಇಲ್ಲದಿದ್ದರೆ ನಾಲ್ಕು ದಿನ ಬಿಟ್ಟು ನೋಡುವಾಗ ದೊಡ್ಡದಾಯಿತಾ ಇಲ್ವಾ ಅಂತ ಮನೆಯವರೆಲ್ಲ ಜಗಳ ಆಡುವುದೇ ಆಗುತ್ತದೆ. ಆಮೇಲೆ ಇಡೀ ಮೈ ಹುಡುಕಿ. ಬೆಲ್ಟ್ ಬಿಚ್ಚಿ ಕುತ್ತಿಗೆ ನೋಡಿ, ಕಿವಿಯ ಅಂಚು, ಕಣ್ಣಿನ ಸುತ್ತ, ಬೆರಳುಗಳ ಸಂದು, ಕಂಕುಳು, ತೊಡೆಯ ಒಳಬದಿ, ಬಾಲದ ಬುಡ ಎಲ್ಲ ನೋಡಿ. ಒಂದೇ ಮಚ್ಚೆ ಅಂದುಕೊಂಡವರಿಗೆ ಎಷ್ಟೋ ಸಲ ಎರಡನೆಯದು ಕಾಲಿನ ಸಂದಿಯಲ್ಲಿ ಸಿಗುತ್ತದೆ.

ಈಗ ಬೆರಳಿನಿಂದ ಆ ಜಾಗವನ್ನು ಮುಟ್ಟಿ ನೋಡಿ. ಮೊದಲು ಕೈಗವಸು ಹಾಕಿಕೊಳ್ಳಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಚುಚ್ಚುವಂಥ ಮೊಂಡು ಕೂದಲು ಸಿಕ್ಕಿದರೆ ನಾಯಿ ಅಲ್ಲಿ ನೆಕ್ಕಿ, ಕಚ್ಚಿ ಕೂದಲನ್ನು ಮುರಿದಿರುವ ಸಾಧ್ಯತೆ ಜಾಸ್ತಿ, ಅಂದರೆ ಅಲ್ಲಿ ತುರಿಕೆಯೋ ನೋವೋ ಇದೆ. ನುಣುಪಾಗಿದ್ದರೆ ಕೂದಲು ಬುಡದಿಂದಲೇ ಉದುರಿರಬಹುದು. ಈ ಒಂದು ವ್ಯತ್ಯಾಸ ಹೇಳಿದರೆ ವೈದ್ಯರ ಅರ್ಧ ಕೆಲಸ ಹಗುರ. ಜೊತೆಗೆ ತುರಿಸಿಕೊಳ್ಳುತ್ತಾ ಅಂತಲೂ ಗಮನಿಸಿ. ನಾವು ನೋಡುವಾಗ ಸುಮ್ನೆ ಇದ್ದು ರಾತ್ರಿಯೆಲ್ಲ ನೆಕ್ಕುವ ನಾಯಿಗಳಿವೆ, ಮಲಗಿದ ಮೇಲೆ ಲಪಲಪ ಸದ್ದು ಕೇಳುತ್ತದಾ ಅಂತ ಕಿವಿಗೊಡಿ.

ಮಚ್ಚೆ ಎಲ್ಲಿದೆ ಅನ್ನುವುದು ಬಹಳ ಹೇಳುತ್ತದೆ. ಬಾಲದ ಬುಡ, ಸೊಂಟದ ಮೇಲ್ಭಾಗ, ಹಿಂದಿನ ತೊಡೆ ಅಂದರೆ ಮೊದಲ ಅನುಮಾನ ಚಿಗಟದ ಮೇಲೆ. ಚಿಗಟ ಕಣ್ಣಿಗೆ ಬೀಳಲಿಲ್ಲ ಅಂತ ಬಿಡಬೇಡಿ, ಅದರ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತ ಸಾಕು. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಕೆಂಪು ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಮಣ್ಣಾದರೆ ಆ ಬಣ್ಣ ಬಿಡುವುದಿಲ್ಲ. ಚಿಗಟ ಅಂತ ಗೊತ್ತಾದರೆ ನಾಯಿಗೆ ಮಾತ್ರ ಔಷಧಿ ಹಾಕಿದರೆ ಆಗದು. ಮೊಟ್ಟೆ, ಮರಿಹುಳು, ಕೋಶ ಎಲ್ಲ ಇರುವುದು ಹಾಸಿಗೆ, ಚಾಪೆ, ನೆಲದ ಬಿರುಕುಗಳಲ್ಲಿ. ಕೋಶದೊಳಗೆ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಒಟ್ಟಿಗೇ, ಅವುಗಳಿಗೆ ಸರಿಹೊಂದುವ ಔಷಧಿ ಕೊಡಿಸಿ.

ಕಣ್ಣಿನ ಸುತ್ತ, ಬಾಯಿಯ ಪಕ್ಕ, ಮುಂಗಾಲು ಅಂದರೆ, ಅದರಲ್ಲೂ ವರ್ಷ ತುಂಬದ ಮರಿಗೆ, ಹೆಚ್ಚು ತುರಿಕೆಯೂ ಇಲ್ಲ ಅಂದರೆ, ಡೆಮೊಡೆಕ್ಸ್ ನೆನಪಿಗೆ ಬರಬೇಕು. ಈ ನುಸಿ ಆರೋಗ್ಯವಂತ ನಾಯಿಯ ಕೂದಲಿನ ಬುಡದಲ್ಲೂ ಒಂದಿಷ್ಟು ಇರುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯಿಂದ ಬಂದಿರುತ್ತದೆ, ನಮಗೆ ಅಂಟುವುದಿಲ್ಲ. ಮರಿಗಳಲ್ಲಿ ಒಂದೆರಡು ಮಚ್ಚೆ ಮಾತ್ರ ಇದ್ದರೆ ಬಹಳ ಸಲ ತಾನೇ ವಾಸಿಯಾಗುತ್ತದೆ, ಆದರೆ ಹಬ್ಬುತ್ತಿದೆಯಾ ಅಂತ ವೈದ್ಯರು ನೋಡಲೇಬೇಕು. ವಯಸ್ಸಾದ ನಾಯಿಗೆ ಹೊಸದಾಗಿ ಡೆಮೊಡೆಕ್ಸ್ ಬಂದರೆ ಒಳಗೆ ಬೇರೇನೋ ಕಾಯಿಲೆ ಇದೆಯಾ ಅಂತ ಹುಡುಕಬೇಕಾಗುತ್ತದೆ.

ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಂಟು, ಮತ್ತು ಹುಚ್ಚು ಹಿಡಿಸುವಂಥ ತುರಿಕೆ ಇದ್ದರೆ ಕಜ್ಜಿ ನುಸಿ ಇರಬಹುದು. ಕಿವಿಯ ಅಂಚನ್ನು ಮಡಚಿ ಮೆಲ್ಲಗೆ ಉಜ್ಜಿದಾಗ ಹಿಂಗಾಲು ತಾನಾಗಿ ಕೆರೆಯುವಂತೆ ಆಡಿದರೆ ಅನುಮಾನ ಗಟ್ಟಿಯಾಗುತ್ತದೆ. ಇದು ಬೇರೆ ನಾಯಿಗಳಿಗೆ ಹರಡುತ್ತದೆ, ನಮ್ಮ ತೋಳು ಹೊಟ್ಟೆಯ ಮೇಲೂ ಗುಳ್ಳೆ ಎಬ್ಬಿಸುತ್ತದೆ.

ಇನ್ನು ಕೈಗವಸಿನ ಮಾತು. ದುಂಡಗೆ, ಅಂಚಿನಲ್ಲಿ ಹೊಟ್ಟು, ಮುರಿದ ಕೂದಲು ಇದ್ದರೆ ಹುಳಕಡ್ಡಿ ಇರಬಹುದು. ಹೆಸರಿನಲ್ಲಿ ಹುಳ ಇದ್ದರೂ ಇದು ಶಿಲೀಂಧ್ರ, ನಾಯಿಯಿಂದ ಮಕ್ಕಳಿಗೆ, ಬೆಕ್ಕಿಗೆ ಸುಲಭವಾಗಿ ಅಂಟುತ್ತದೆ. ಉದುರಿದ ಕೂದಲಿನಲ್ಲಿ ಅದರ ಬೀಜಕಣಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಕಾರಣ ಗೊತ್ತಾಗುವವರೆಗೆ ನಾಯಿಯನ್ನು ನಿಮ್ಮ ಹಾಸಿಗೆಯ ಮೇಲೆ ಮಲಗಿಸಬೇಡಿ, ಅದರ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ, ದಿನಾ ಕಸ ಗುಡಿಸಿ. ಮನೆಯಲ್ಲಿ ಯಾರಿಗಾದರೂ ದುಂಡಗಿನ ಕೆಂಪು ಕಲೆ ಎದ್ದಿದ್ದರೆ ಆ ಮಾತನ್ನು ವೈದ್ಯರ ಬಳಿ ಮೊದಲು ಹೇಳಿ.

ಭಯ ಬೀಳಬೇಕಿಲ್ಲದ ಕಾರಣಗಳೂ ಇವೆ. ದೊಡ್ಡ ನಾಯಿಯ ಮೊಣಕೈ ಗಟ್ಟಿ ನೆಲಕ್ಕೆ ಒತ್ತಿ ಬೋಳಾಗಿ ದಡ್ಡುಗಟ್ಟುತ್ತದೆ, ದಪ್ಪ ಹಾಸಿಗೆ ಕೊಡಿ. ಬೆಲ್ಟ್ ಉಜ್ಜಿದ ಕಡೆ ಕೂದಲು ಸವೆಯುತ್ತದೆ. ಲಸಿಕೆ ಚುಚ್ಚಿದ ಜಾಗದಲ್ಲಿ ಕೆಲವು ವಾರ ಅಥವಾ ತಿಂಗಳು ಕಳೆದ ಮೇಲೆ ಬೋಳಾಗುವುದೂ ಉಂಟು. ಆಪರೇಷನ್‌ಗೆ ಬೋಳಿಸಿದ ಕೂದಲು ದಟ್ಟ ಒಳಕೂದಲಿರುವ ತಳಿಗಳಲ್ಲಿ ತಿಂಗಳುಗಟ್ಟಲೆ ಬೆಳೆಯದೆ ನಿಲ್ಲಬಹುದು. ಆದರೆ ಎರಡೂ ಪಕ್ಕೆಗಳಲ್ಲಿ ಒಂದೇ ರೀತಿ ತುರಿಕೆಯಿಲ್ಲದೆ ಉದುರಿ, ನಾಯಿ ದಪ್ಪವಾಗುತ್ತಾ ಮಂಕಾಗಿದ್ದರೆ ಥೈರಾಯ್ಡ್ ಪರೀಕ್ಷೆ ಬೇಕು. ನೀರು ವಿಪರೀತ ಕುಡಿದು, ಹೊಟ್ಟೆ ಜೋತುಬಿದ್ದಿದ್ದರೆ ಕುಶಿಂಗ್ ಕಾಯಿಲೆಯನ್ನೂ (ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಅತಿಯಾಗುವುದು) ನೋಡಬೇಕು.

ಹಾಗಾದರೆ ಎಷ್ಟು ದಿನ ಕಾಯಬಹುದು? ವಯಸ್ಕ ನಾಯಿ, ಒಂದೇ ಸಣ್ಣ ಮಚ್ಚೆ, ಚರ್ಮ ಮಾಮೂಲಿ ಬಣ್ಣದಲ್ಲಿದೆ, ಹೊಟ್ಟಿಲ್ಲ, ತುರಿಕೆ ಇಲ್ಲ, ಊಟ ಆಟ ಎಲ್ಲ ಸರಿ ಅಂದರೆ ಒಂದು ವಾರ, ಹೆಚ್ಚೆಂದರೆ ಎರಡು ವಾರ ಫೋಟೋ ತೆಗೆಯುತ್ತಾ ನೋಡಬಹುದು. ಮಚ್ಚೆ ಒದ್ದೆಯಾಗಿ, ಕೆಂಪಾಗಿ, ವಾಸನೆ ಬರುತ್ತಾ ಗಂಟೆಗಳಲ್ಲೇ ದೊಡ್ಡದಾಗುತ್ತಿದ್ದರೆ, ಕೀವು ಇದ್ದರೆ, ಮುಟ್ಟಲು ಬಿಡದಿದ್ದರೆ, ಊಟ ಬಿಟ್ಟರೆ ಅವತ್ತೇ ಹೊರಡಿ. ನೆಕ್ಕುತ್ತಿದ್ದರೆ ಅಲ್ಲಿವರೆಗೆ ಕುತ್ತಿಗೆಗೆ ಕೋನ್ (ನೆಕ್ಕದಂತೆ ತಡೆಯುವ ಕೊಳವೆಯಾಕಾರದ ಪಟ್ಟಿ) ಹಾಕಿ.

ಹೋಗುವ ಮುಂಚೆ ಸ್ನಾನ ಮಾಡಿಸಬೇಡಿ. ಚೊಕ್ಕವಾಗಿ ಕರೆದೊಯ್ಯೋಣ ಅನಿಸುತ್ತದೆ ನಿಜ, ಆದರೆ ವೈದ್ಯರು ಹುಡುಕುವ ಪುರಾವೆಯೇ ತೊಳೆದುಹೋಗುತ್ತದೆ. ಅಲ್ಲಿ ಬ್ಲೇಡಿನ ಅಂಚಿನಿಂದ ಚರ್ಮವನ್ನು ತುಸು ರಕ್ತ ಜಿನುಗುವವರೆಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋಡಲು ಕಷ್ಟವಾಗುತ್ತದೆ, ಆದರೆ ಡೆಮೊಡೆಕ್ಸ್ ನುಸಿ ಆಳದಲ್ಲಿ ಇರುವುದರಿಂದ ಅಷ್ಟು ಕೆರೆಯಲೇಬೇಕು. ಟೇಪ್ ಅಂಟಿಸಿ ತೆಗೆದು ಬ್ಯಾಕ್ಟೀರಿಯಾ, ಯೀಸ್ಟ್ ನೋಡುತ್ತಾರೆ. ವುಡ್ಸ್ ಲ್ಯಾಂಪ್ ಅನ್ನುವ ನೇರಳಾತೀತ ದೀಪದ ಬೆಳಕಿನಲ್ಲಿ ಕೆಲವು ಹುಳಕಡ್ಡಿ ಹಸಿರಾಗಿ ಹೊಳೆಯುತ್ತದೆ, ಹೊಳೆಯದಿದ್ದರೆ ಇಲ್ಲವೇ ಇಲ್ಲ ಅಂತಲ್ಲ, ಕಲ್ಚರ್‌ಗೆ (ಲ್ಯಾಬಿನಲ್ಲಿ ಶಿಲೀಂಧ್ರ ಬೆಳೆಸಿ ನೋಡುವ ಪರೀಕ್ಷೆ) ಕಳಿಸಿದರೆ ಉತ್ತರಕ್ಕೆ 2-3 ವಾರ ಹಿಡಿಯಬಹುದು. ಯಾವ ಪರೀಕ್ಷೆಯೂ ಇಲ್ಲದೆ ತುರಿಕೆಗೆ ಇಂಜೆಕ್ಷನ್ ಕೊಡಲು ಹೊರಟರೆ, ಸ್ಕ್ರೇಪಿಂಗ್, ಅಂದರೆ ಚರ್ಮ ಕೆರೆಯುವ ಪರೀಕ್ಷೆ, ಮಾಡಿ ನೋಡೋಣವೇ ಅಂತ ಮರ್ಯಾದೆಯಿಂದ ಕೇಳಿ. ಅದು ನಿಮ್ಮ ಹಕ್ಕು. ಮನೆಯಲ್ಲಿ ಏನಾದರೂ ಹಚ್ಚಿದ್ದರೆ ಮುಚ್ಚಿಡದೆ ಆ ಟ್ಯೂಬನ್ನೇ ತೆಗೆದುಕೊಂಡು ಹೋಗಿ.

ಕೆಲವು ವಸ್ತುಗಳು ಬೇಡವೇ ಬೇಡ. ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್ ಚರ್ಮವನ್ನು ಸುಡುತ್ತವೆ, ನೆಕ್ಕಿದರೆ ಒಳಗೂ ವಿಷ. ಟೀ ಟ್ರೀ ಎಣ್ಣೆ ನಾಯಿಗೆ ವಿಷಕಾರಿ. ಜಿಂಕ್ ಆಕ್ಸೈಡ್ ಇರುವ ಕ್ರೀಮ್ ನೆಕ್ಕಿದರೆ ಅಪಾಯ. ಚಿಗಟ, ಉಣ್ಣೆಗೆ ಅಂತ ನಾಯಿಗೆ ಹಾಕುವ ಪರ್ಮೆಥ್ರಿನ್ ಮನೆಯ ಬೆಕ್ಕನ್ನು ಕೊಲ್ಲಬಹುದು. ನುಸಿ, ಹುಳುಗಳಿಗೆ ಕೊಡುವ ಐವರ್‌ಮೆಕ್ಟಿನ್ ಅನ್ನು ಅಂದಾಜಿನಲ್ಲಿ ಕೊಡಬೇಡಿ, ಕೋಲಿಯಂಥ ತಳಿಗಳಲ್ಲಿ ಔಷಧಿಯನ್ನು ಮಿದುಳಿನಿಂದ ದೂರ ಇಡುವ ಎಮ್‌ಡಿಆರ್1 ಜೀನ್‌ನಲ್ಲಿ ದೋಷ ಇದ್ದರೆ ಅದು ಮಿದುಳಿಗೇ ಹೋಗುತ್ತದೆ. ಫಿಟ್ಸ್ ಇರುವ ನಾಯಿಯಾದರೆ ಚಿಗಟ, ನುಸಿಯ ಮಾತ್ರೆ ಕೊಡುವ ಮುಂಚೆ ಅದನ್ನು ವೈದ್ಯರಿಗೆ ತಿಳಿಸಿ.

ಔಷಧಿ ಶುರುವಾದ ಮೇಲೆ ಕೂದಲು ತಕ್ಷಣ ಬರುವುದಿಲ್ಲ, ವಾರಗಳು ಹಿಡಿಯುತ್ತವೆ. ಶಾಂಪೂ ಬರೆದುಕೊಟ್ಟಿದ್ದರೆ ಹಚ್ಚಿ ಸಾಮಾನ್ಯವಾಗಿ 10 ನಿಮಿಷ ಬಿಟ್ಟು ತೊಳೆಯಬೇಕು, ಗಡಿಯಾರ ನೋಡಿಕೊಳ್ಳಿ. ನಮ್ಮ ನಾಯಿಯ ಕಾಲಿನಲ್ಲಿ ಮೊದಲು ಮಸುಕು ಬಣ್ಣದ ನವಿರು ಕೂದಲು ಬಂತು, ವಾಸಿಯಾಯಿತು ಅಂತ ಖುಷಿಯಿಂದ ಮಾತ್ರೆ ನಿಲ್ಲಿಸಲು ಹೊರಟಿದ್ದೆವು. ವೈದ್ಯರು ತಡೆದರು. ಒಂದು ತಿಂಗಳ ಅಂತರದಲ್ಲಿ ಎರಡು ಸಲ ಕೆರೆದು ನೋಡಿ, ಎರಡೂ ಸಲ ಒಂದು ನುಸಿಯೂ ಕಾಣದಿದ್ದ ಮೇಲೆಯೇ ಔಷಧಿ ನಿಲ್ಲಿಸಿದರು.